ಟಿಕಿಂಟರ್ ಕಳೆದಿಲ್ಲ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಪೈಥಾನ್ ಈಗ ನಿತ್ಯದ ಪಾಠ. ಹೊಸ ಶೈಕ್ಷಣಿಕ ವರ್ಷಕ್ಕೆ ಲ್ಯಾಬಿನ ಉಬುಂಟು (ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆ) ಬದಲಾಗುತ್ತದೆ, ಇಲ್ಲವೇ ಪೈಥಾನ್ 3.10 ಇದ್ದ ಜಾಗಕ್ಕೆ 3.12 ಬರುತ್ತದೆ. ಲೆಕ್ಕ ಮಾಡುವ, ಫೈಲ್ ಓದುವ ಪ್ರೋಗ್ರಾಂಗಳೆಲ್ಲ ಮೊದಲಿನಂತೆಯೇ ಓಡುತ್ತವೆ. ಬಟನ್, ವಿಂಡೋ, ಪೆಟ್ಟಿಗೆ ತೋರಿಸಬೇಕಾದ ಪ್ರೋಗ್ರಾಂ ಮಾತ್ರ ಮೊದಲ ಸಾಲಿನಲ್ಲೇ ನಿಂತು ‘ನೋ ಮಾಡ್ಯೂಲ್ ನೇಮ್ಡ್ ಟಿಕಿಂಟರ್’ ಎನ್ನುತ್ತದೆ. ಪೈಥಾನ್‌ನಲ್ಲಿ ವಿಂಡೋ, ಬಟನ್ ತೋರಿಸುವ ಭಾಗವೇ ಟಿಕಿಂಟರ್, ಅದು ಸಿಗುತ್ತಿಲ್ಲ ಎಂದರ್ಥ. ಆಗ ಸುತ್ತಲಿನಿಂದ ಬರುವ ಸಲಹೆಗಳು ಮೂರು: ವೈರಸ್ ಬಂದಿರಬೇಕು, ಪಿಪ್‌ನಿಂದ (ನೆಟ್‌ನಿಂದ ಪೈಥಾನ್ ಪ್ಯಾಕೇಜ್ ತಂದು ಹಾಕುವ ಸಾಧನ) ಹಾಕಿ ನೋಡಿ, ಯಾವುದೂ ಆಗದಿದ್ದರೆ ಫಾರ್ಮ್ಯಾಟ್ ಮಾಡಿಬಿಡಿ. ಮೂರೂ ತಪ್ಪು. ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಪ್ರಾಜೆಕ್ಟ್ ಫೈಲುಗಳು ಅಳಿಯುತ್ತವೆ. ಅದೇ ಉಬುಂಟು ಮತ್ತೆ ಹಾಕಿದ ಮೇಲೆ ಅದೇ ಸಂದೇಶ ಮತ್ತೆ ಎದುರಿಗೆ ಬರುತ್ತದೆ. ಪ್ರಾಯೋಗಿಕ ಪರೀಕ್ಷೆ ಹತ್ತಿರವಿರುವಾಗ ಹೀಗೆ ಒಂದು ದಿನ ಕಳೆದುಕೊಳ್ಳುವ ವಿದ್ಯಾರ್ಥಿಗಳಿಗಾಗಿ, ಲ್ಯಾಬ್ ನೋಡಿಕೊಳ್ಳುವ ಸಿಬ್ಬಂದಿಗಾಗಿ ಈ ಪತ್ರ. ಸ್ವಲ್ಪ ಉದ್ದವಿದೆ, ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಜಾಗ ಬಿಟ್ಟಲ್ಲಿ ಜಾಗ, ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ. ಟಿಕಿಂಟರ್ ಅಂದರೆ ಟಿ, ಕೆ, ಐ, ಎನ್, ಟಿ, ಇ, ಆರ್. ಬಹಳ ಜನ ಎಡವುವುದು ಎರಡನೆಯ ಅಕ್ಷರದಲ್ಲೇ: ಟಿ ಮತ್ತು ಕೆ ನಡುವೆ ಐ ಸೇರಿಸುತ್ತಾರೆ.

ಮೊದಲು ಕಾರಣ. ಟಿಕಿಂಟರ್ ಪೂರ್ತಿಯಾಗಿ ಪೈಥಾನ್‌ನದೇ ಸರಕಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ 1980ರ ದಶಕದ ಕೊನೆಯಲ್ಲಿ ಟಿಸಿಎಲ್ ಎಂಬ ಪುಟ್ಟ ಭಾಷೆಯನ್ನು ಕಟ್ಟಿದರು. ಅದಕ್ಕೆ ವಿಂಡೋ, ಬಟನ್ ಬರೆಯುವ ಸಲಕರಣೆಯಾಗಿ ಟಿಕೆ ಬಂತು. ಪೈಥಾನ್ ಈ ಟಿಕೆಯನ್ನು ಎರವಲು ಪಡೆದು ಬಳಸುತ್ತದೆ. ಆದ್ದರಿಂದ ವಿಂಡೋ ಒಂದು ತೆರೆಯಬೇಕಾದರೆ ಮೂರು ತುಂಡು ಕೂಡಬೇಕು. ಪೈಥಾನ್‌ನಲ್ಲೇ ಬರೆದ ಟಿಕಿಂಟರ್ ಎಂಬ ಫೋಲ್ಡರ್ ಒಂದು. ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ, ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರುವ ‘_ಟಿಕಿಂಟರ್’ ಎಂಬ ಕೊಂಡಿ ಎರಡನೆಯದು. ಟಿಸಿಎಲ್ ಮತ್ತು ಟಿಕೆಯ ಲೈಬ್ರರಿಗಳು ಮೂರನೆಯದು. ತೊಂದರೆಯ ಮೂಲ ಹೆಚ್ಚಾಗಿ ನಡುವಿನ ಆ ಕೊಂಡಿ. ಅದರ ಫೈಲ್ ಹೆಸರಿನಲ್ಲೇ 310, 312 ಎಂದು ಸಂಖ್ಯೆ ಕೂತಿರುತ್ತದೆ. 310 ಎಂದು ಬರೆದದ್ದನ್ನು ಪೈಥಾನ್ 3.10 ಮಾತ್ರ ಎತ್ತಿಕೊಳ್ಳುತ್ತದೆ, 3.12 ಅದರತ್ತ ತಿರುಗಿಯೂ ನೋಡುವುದಿಲ್ಲ. ಗೋಕುಲ ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಬೇರಿಂಗ್ ಕೊಡಿ ಎಂದರೆ ಮೊದಲು ನಂಬರ್ ಕೇಳುತ್ತಾರಲ್ಲ, ಹಾಗೆ. 6203 ಮತ್ತು 6204 ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಒಂದರ ಒಳರಂಧ್ರ 17 ಮಿಲಿಮೀಟರ್, ಇನ್ನೊಂದರದು 20. ಶಾಫ್ಟ್ ಬದಲಾಯಿಸಿ ಹಳೆಯ ಬೇರಿಂಗ್ ಕೂಡುತ್ತಿಲ್ಲವೆಂದು ಯಾರೂ ಯಂತ್ರವನ್ನೇ ಗುಜರಿಗೆ ಹಾಕುವುದಿಲ್ಲ.

ಹಾಗಿದ್ದರೆ ಪೈಥಾನ್ ಜೊತೆಗೇ ಈ ಕೊಂಡಿ ಏಕೆ ಬರುವುದಿಲ್ಲ? ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬರುತ್ತದೆ. ಡೆಬಿಯನ್ ಮತ್ತು ಅದರ ಬಳಗದ ಉಬುಂಟು, ಮಿಂಟ್‌ಗಳಲ್ಲಿ ಬೇಕೆಂದೇ ಬೇರೆ ಪ್ಯಾಕೇಜ್ ಮಾಡಿಟ್ಟಿದ್ದಾರೆ. ಪೈಥಾನ್ ಎಷ್ಟೋ ಸರ್ವರ್‌ಗಳಲ್ಲಿ ಓಡುತ್ತದೆ. ಪರದೆಯೇ ಇಲ್ಲದ ಸರ್ವರ್‌ಗೆ ಟಿಕೆ ಮತ್ತು ಅದರ ಹಿಂದೆ ಬರುವ ಚಿತ್ರಲೈಬ್ರರಿಗಳು ಹೊರೆ. ಅದು ನ್ಯಾಯವಾದ ಲೆಕ್ಕವೇ. ಆದರೆ ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗೆ ಈ ವಿಷಯವನ್ನು ಹೇಳುವವರು ಬೇಕು.

ಸರಿಪಡಿಸಲು ಕೈಹಾಕುವ ಮುನ್ನ ತಪ್ಪು ಸಂದೇಶದ ಕೊನೆಯ ಸಾಲನ್ನು ಅಕ್ಷರ ಬಿಡದೆ ಓದಿ. ಒಂದೇ ಥರ ಕಾಣುವ ಐದು ಸಂದೇಶಗಳಿವೆ, ಐದಕ್ಕೂ ಔಷಧ ಬೇರೆ. ಹೆಸರು ದೊಡ್ಡ ಟಿ ಅಕ್ಷರದಿಂದ ಶುರುವಾಗಿದ್ದರೆ ಪ್ರೋಗ್ರಾಂ ಹಳೆಯದು, ಪೈಥಾನ್ 2ರ ಕಾಲದ್ದು. ಸಣ್ಣ ಟಿ ಇದ್ದು ‘ನೋ ಮಾಡ್ಯೂಲ್ ನೇಮ್ಡ್ ಟಿಕಿಂಟರ್’ ಎಂದರೆ ಪ್ಯಾಕೇಜ್ ಹಾಕಿಲ್ಲ. ಅಂಡರ್‌ಸ್ಕೋರ್ ಸೇರಿ ‘_ಟಿಕಿಂಟರ್’ ಇಲ್ಲ ಎಂದರೆ ಫೋಲ್ಡರ್ ಸಿಕ್ಕಿದೆ, ಈ ಆವೃತ್ತಿಯ ಕೊಂಡಿ ಸಿಕ್ಕಿಲ್ಲ. ಪೈಥಾನ್ ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿದಲ್ಲಿ ಇದು ಹೆಚ್ಚು. ‘ನೋ ಡಿಸ್‌ಪ್ಲೇ ನೇಮ್’ ಎಂದು ಬಂದರೆ ಟಿಕಿಂಟರ್ ಚೆನ್ನಾಗಿಯೇ ಇದೆ, ವಿಂಡೋ ಬಿಡಿಸಲು ಪರದೆ ಸಿಗುತ್ತಿಲ್ಲ. ಎಸ್‌ಎಸ್‌ಎಚ್ ಮೂಲಕ ದೂರದ ಕಂಪ್ಯೂಟರ್‌ಗೆ ಹೋಗಿ ಪ್ರೋಗ್ರಾಂ ಓಡಿಸಿದರೆ ಹೀಗಾಗುತ್ತದೆ, ಕಂಪ್ಯೂಟರ್ ಎದುರಿಗೇ ಕೂತು ಓಡಿಸಿ. ಐದನೆಯದು ‘ಟಿಕಿಂಟರ್ ಹ್ಯಾಸ್ ನೋ ಆಟ್ರಿಬ್ಯೂಟ್ ಟಿಕೆ’. ಇದು ವಿದ್ಯಾರ್ಥಿಗಳು ಅರಿಯದೆ ತಂದುಕೊಳ್ಳುವ ತೊಂದರೆ. ಅಭ್ಯಾಸದ ಫೈಲನ್ನೇ ‘ಟಿಕಿಂಟರ್.ಪಿವೈ’ ಎಂದು ಉಳಿಸಿರುತ್ತಾರೆ. ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ. ಅಲ್ಲಿ ಆ ಹೆಸರಿನ ಫೈಲ್ ಕಂಡೊಡನೆ ಅದನ್ನೇ ಎತ್ತಿಕೊಳ್ಳುತ್ತದೆ. ಫೈಲಿನ ಹೆಸರು ಬದಲಿಸಿದರೆ ಮುಗಿಯಿತು. ಅದೇ ಫೋಲ್ಡರಿನಲ್ಲಿರುವ ಬೇರೆ ಪ್ರೋಗ್ರಾಂಗಳೂ ಈ ಒಂದು ಫೈಲಿನಿಂದ ಕೆಡುತ್ತವೆ ಎಂಬುದು ನೆನಪಿರಲಿ.

ಎರಡನೆಯ ಪ್ರಶ್ನೆ: ಓಡುತ್ತಿರುವುದು ಯಾವ ಪೈಥಾನ್? ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇರುವುದು ಈಗ ಸಾಮಾನ್ಯ. ಟರ್ಮಿನಲ್‌ನಲ್ಲಿ ‘ಪೈಥಾನ್3 --ವರ್ಷನ್’ ಒಂದು ಹೇಳುತ್ತದೆ, ಎಡಿಟರ್ ಇನ್ನೊಂದನ್ನು ಓಡಿಸುತ್ತಿರುತ್ತದೆ. ತಪ್ಪು ಬಂದ ಅದೇ ಪ್ರೋಗ್ರಾಂನ ತಲೆಯಲ್ಲಿ ‘ಇಂಪೋರ್ಟ್ ಸಿಸ್’ ಎಂದು ಬರೆದು, ಕೆಳಗೆ ‘ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)’ ಸೇರಿಸಿ, ಅದೇ ಬಟನ್ ಒತ್ತಿ ಓಡಿಸಿ. ಬಂದ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇನ್ನು ಮುಂದೆ ಮಾಡುವುದೆಲ್ಲ ಆ ಪೈಥಾನ್‌ಗೇ ಆಗಬೇಕು. ವಿಎಸ್ ಕೋಡ್ ಬಳಸುವವರು ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ತೆರೆದು ಬೇಕಾದ ಆವೃತ್ತಿ ಆರಿಸಿದರೆ ಎಷ್ಟೋ ಸಲ ಬೇರೇನೂ ಮಾಡಬೇಕಾಗುವುದಿಲ್ಲ.

ಉಬುಂಟುವಿನ ಮೂಲ ಪೈಥಾನ್ ಆಗಿದ್ದರೆ, ಪ್ಯಾಕೇಜ್ ಹಾಕುವ ಉಬುಂಟುವಿನದೇ ಸಾಧನ ‘ಆಪ್ಟ್’ನಿಂದ ಕೆಲಸ ಎರಡೇ ಸಾಲು. ‘ಸುಡೋ ಆಪ್ಟ್ ಅಪ್‌ಡೇಟ್’, ನಂತರ ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಟಿಕೆ’. ಫೆಡೋರಾದಲ್ಲಿ ಪ್ಯಾಕೇಜಿನ ಹೆಸರು ‘ಪೈಥಾನ್3-ಟಿಕಿಂಟರ್’, ಆರ್ಚ್‌ನಲ್ಲಿ ಬರೀ ‘ಟಿಕೆ’. ಆಮೇಲೆ ‘ಪೈಥಾನ್3 -ಎಂ ಟಿಕಿಂಟರ್’ ಎಂದು ಓಡಿಸಿ. ಟಿಸಿಎಲ್/ಟಿಕೆಯ ಆವೃತ್ತಿ ಬರೆದ ಸಣ್ಣ ವಿಂಡೋ ಒಂದು ‘ಕ್ಲಿಕ್ ಮಿ’, ‘ಕ್ವಿಟ್’ ಎಂಬ ಎರಡು ಬಟನ್‌ಗಳೊಡನೆ ತೆರೆದರೆ ಮೂರೂ ತುಂಡು ಕೂಡಿವೆ ಎಂದರ್ಥ. ಈ ಪರೀಕ್ಷೆಗೆ ಒಂದು ಸಾಲಿನ ಪ್ರೋಗ್ರಾಂ ಕೂಡ ಬರೆಯಬೇಕಿಲ್ಲ.

ಆದರೆ ‘ಪೈಥಾನ್3-ಟಿಕೆ’ ಹಾಕಿದ ಮೇಲೂ ತಪ್ಪು ಹೋಗದಿರುವ ಸಂದರ್ಭವಿದೆ, ಅಲ್ಲೇ ಹೆಚ್ಚು ಜನ ಸೋಲುತ್ತಾರೆ. ಆ ಪ್ಯಾಕೇಜ್ ಉಬುಂಟುವಿನ ಮೂಲ ಆವೃತ್ತಿಗೆ ಹೊಲಿದ ಅಂಗಿ. ಉಬುಂಟು 20.04ರ ಮೂಲ ಪೈಥಾನ್ 3.8, 22.04ರದು 3.10, 24.04ರದು 3.12. ಡೆಬಿಯನ್ 12ರಲ್ಲಿ 3.11, 13ರಲ್ಲಿ 3.13. 22.04ರಲ್ಲಿ ಇದ್ದುಕೊಂಡು ಹೊರಗಿನಿಂದ 3.12 ತಂದು ಹಾಕಿದ್ದರೆ ‘ಪೈಥಾನ್3-ಟಿಕೆ’ ಬರುವುದು 3.10ಕ್ಕೆ, 3.12 ಖಾಲಿ ಕೈಯಲ್ಲೇ ಉಳಿಯುತ್ತದೆ. ಹೊರಗಿನ ಆವೃತ್ತಿಗಳನ್ನು ಉಬುಂಟುಗೆ ಕೊಡುವ ಡೆಡ್‌ಸ್ನೇಕ್ಸ್ ಎಂಬ ಪಿಪಿಎಯಿಂದ (ಹೊರಗಿನ ಪ್ಯಾಕೇಜ್ ಭಂಡಾರದಿಂದ) ತಂದಿದ್ದರೆ ಅಲ್ಲಿಂದಲೇ ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3.12-ಟಿಕೆ’ ಎಂದು ಪೂರ್ತಿ ಸಂಖ್ಯೆ ಹೇಳಿ ಹಾಕಬೇಕು. ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಬೇಕಾದವರು ಜೊತೆಗೆ ‘ಪೈಥಾನ್3.12-ವೆನ್ವ್’ ಕೂಡ ಹಾಕಿ. ಪರೀಕ್ಷೆಯೂ ‘ಪೈಥಾನ್3.12 -ಎಂ ಟಿಕಿಂಟರ್’ ಎಂದೇ ಆಗಲಿ; ಬರೀ ‘ಪೈಥಾನ್3’ ಎಂದರೆ 3.10 ಉತ್ತರ ಕೊಟ್ಟು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಉಬುಂಟುವನ್ನು ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಏರಿಸುವಾಗ ಇಂಥ ಹೊರಗಿನ ಪಿಪಿಎಗಳು ತಾವಾಗಿಯೇ ನಿಷ್ಕ್ರಿಯಗೊಳ್ಳುತ್ತವೆ, ಏರಿಸಿದ ಮೇಲೆ ಮತ್ತೆ ಚಾಲೂ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಷ್ಟು ಒತ್ತಿ ಹೇಳಬೇಕಾಗಿದೆ. ಹೊಸ ಆವೃತ್ತಿ ಹಾಕಿದವರು ‘ಪೈಥಾನ್3 ಎಂದರೆ ಇನ್ನು 3.12ಕ್ಕೇ ಹೋಗಲಿ’ ಎಂದು ‘/ಯುಎಸ್‌ಆರ್/ಬಿನ್/ಪೈಥಾನ್3’ ಎಂಬ ಕೊಂಡಿಯನ್ನೇ (‘ಪೈಥಾನ್3’ ಎಂದರೆ ಯಾವ ಆವೃತ್ತಿ ಎಂದು ತೋರಿಸುವ ಸಿಮ್‌ಲಿಂಕ್, ಮೇಲೆ ಹೇಳಿದ ‘_ಟಿಕಿಂಟರ್’ ಕೊಂಡಿಯಲ್ಲ) ತಿರುಗಿಸಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಉಬುಂಟುವಿನ ಸ್ವಂತ ಕೆಲಸಗಳು ಎಷ್ಟೋ ಪೈಥಾನ್‌ನಲ್ಲೇ ಇವೆ. 22.04ರಲ್ಲಿ ಟರ್ಮಿನಲ್ ತೆರೆಯುವ ‘ಗ್ನೋಮ್-ಟರ್ಮಿನಲ್’ ಕಮಾಂಡ್ ಒಂದು ಪೈಥಾನ್ ಸ್ಕ್ರಿಪ್ಟ್. ಅದಕ್ಕೆ ‘ಜಿಐ’ ಎಂಬ ಮಾಡ್ಯೂಲ್ ಬೇಕು, ಆ ಮಾಡ್ಯೂಲಿನ ಕಂಪೈಲ್ ಆದ ಭಾಗ ಇರುವುದು 3.10ಕ್ಕೆ. ಕೊಂಡಿ ತಿರುಗಿದ ಕ್ಷಣದಿಂದ ಟರ್ಮಿನಲ್ ತೆರೆಯುವುದಿಲ್ಲ. ಪಿಪಿಎ ಸೇರಿಸಲು ಹೋದರೆ ‘ನೋ ಮಾಡ್ಯೂಲ್ ನೇಮ್ಡ್ ಆಪ್ಟ್_ಪಿಕೆಜಿ’ ಎಂದು ಬರುತ್ತದೆ. ಟಿಕಿಂಟರ್‌ಗೆ ಆದದ್ದೇ ಇಡೀ ಕಂಪ್ಯೂಟರಿಗೆ ಆಗುತ್ತದೆ, ಕಾರಣವೂ ಅದೇ. ಫಾರ್ಮ್ಯಾಟ್ ಮಾಡುವ ಮಾತು ಬರುವುದು ಹೆಚ್ಚಾಗಿ ಈ ಹಂತದಲ್ಲಿ, ಆದರೆ ಈಗಲೂ ಅದು ಬೇಕಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಲಾಗಿನ್ ಬರುತ್ತದೆ. ಒಳಗೆ ಹೋಗಿ, ಅಪ್‌ಡೇಟ್-ಆಲ್ಟರ್ನೇಟಿವ್ಸ್ ಬಳಸಿ ತಿರುಗಿಸಿದ್ದರೆ ಮೊದಲು ‘ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ರಿಮೂವ್-ಆಲ್ ಪೈಥಾನ್3’ ಕೊಡಿ. ನಂತರ ‘ಸುಡೋ ಎಲ್‌ಎನ್ -ಎಸ್‌ಎಫ್ /ಯುಎಸ್‌ಆರ್/ಬಿನ್/ಪೈಥಾನ್3.10 /ಯುಎಸ್‌ಆರ್/ಬಿನ್/ಪೈಥಾನ್3’. 24.04 ಆಗಿದ್ದರೆ 3.10ರ ಜಾಗದಲ್ಲಿ 3.12. ಹೊಸ ಪೈಥಾನ್ ಬೇಕಾದಾಗ ಅದರ ಪೂರ್ತಿ ಹೆಸರಿನಿಂದಲೇ ಕರೆಯಿರಿ, ಅಥವಾ ಅದರ ಮೇಲೆ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟಿಕೊಳ್ಳಿ. ಮೂಲ ಕೊಂಡಿ ಉಬುಂಟುವಿನ ಆಸ್ತಿ.

ಪಿಪ್ ವಿಷಯ. ‘ಪಿಪ್ ಇನ್‌ಸ್ಟಾಲ್ ಟಿಕಿಂಟರ್’ ಎಷ್ಟು ಸಲ ಕೊಟ್ಟರೂ ಪ್ರಯೋಜನವಿಲ್ಲ. ಟಿಕಿಂಟರ್ ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯ ಭಾಗ, ಪಿಪ್‌ನ ಅಂಗಡಿಯಲ್ಲಿ ಮಾರುವ ಸರಕಲ್ಲ. ಡೆಬಿಯನ್ 12, ಉಬುಂಟು 24.04ರಲ್ಲಿ ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ತಡೆಯುತ್ತದೆ. ಆಗ ಕೆಲವರು ‘--ಬ್ರೇಕ್-ಸಿಸ್ಟಂ-ಪ್ಯಾಕೇಜಸ್’ ಸೇರಿಸಿ ಬಲವಂತ ಮಾಡುತ್ತಾರೆ. ಆ ಹೆಸರೇ ಹೇಳುವಂತೆ ಅದು ಮುರಿಯುವ ದಾರಿ.

ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗಿದ್ದಾಗಲೂ ಟಿಕಿಂಟರ್ ಬರುವುದು ಅದರ ತಾಯಿ ಪೈಥಾನ್‌ನಿಂದ. ತಾಯಿಗೆ ಆಪ್ಟ್ ಮೂಲಕ ಹಾಕಿದರೆ ಮಗುವಿಗೂ ಸಿಗುತ್ತದೆ, ಎನ್ವಿರಾನ್‌ಮೆಂಟ್ ಮತ್ತೆ ಕಟ್ಟಬೇಕಿಲ್ಲ. ಆದರೆ ಉಬುಂಟುವನ್ನೇ 22.04ರಿಂದ 24.04ಕ್ಕೆ ಏರಿಸಿದ್ದರೆ ಮಾತು ಬೇರೆ. ಹಳೆಯ ಎನ್ವಿರಾನ್‌ಮೆಂಟಿನ ಪೈಥಾನ್ ಒಂದು ಕೊಂಡಿ ಮಾತ್ರ. ಅದು ಈಗ 3.12ಕ್ಕೆ ತೋರಿಸುತ್ತದೆ, ಹಾಕಿದ್ದ ಲೈಬ್ರರಿಗಳು ‘ಪೈಥಾನ್3.10’ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತವೆ. ಹಾಗಾಗಿ ಒಂದಲ್ಲ, ಪಿಪ್‌ನಿಂದ ಹಾಕಿದ್ದೆಲ್ಲವೂ ಮಾಯವಾದಂತೆ ಕಾಣುತ್ತದೆ. ಏರಿಸುವ ಮುನ್ನವೇ ‘ಪಿಪ್ ಫ್ರೀಜ್’ ಕೊಟ್ಟು ಪಟ್ಟಿಯನ್ನು ‘ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ಗೆ ಉಳಿಸಿಕೊಂಡು, ಏರಿಸಿದ ಮೇಲೆ ಎನ್ವಿರಾನ್‌ಮೆಂಟ್ ಅಳಿಸಿ ಹೊಸದಾಗಿ ಕಟ್ಟಿ, ‘ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ.

ಸೋರ್ಸ್‌ನಿಂದ ಕಂಪೈಲ್ ಮಾಡುವವರು, ಪೈಎನ್ವ್ (ಬೇರೆ ಬೇರೆ ಪೈಥಾನ್ ಆವೃತ್ತಿ ಕಟ್ಟಿಕೊಡುವ ಸಾಧನ) ಬಳಸುವವರು ಒಂದು ಕ್ರಮ ಪಾಲಿಸಬೇಕು: ‘ಟಿಕೆ-ಡೆವ್’ ಪ್ಯಾಕೇಜ್ ಮೊದಲು, ಕಂಪೈಲ್ ಆಮೇಲೆ. ಕಂಪೈಲ್ ಆಗುವ ಹೊತ್ತಿಗೆ ಟಿಕೆಯ ಹೆಡರ್ ಫೈಲುಗಳು ಇಲ್ಲದಿದ್ದರೆ ಪೈಥಾನ್ ನಿಲ್ಲುವುದಿಲ್ಲ, ‘_ಟಿಕಿಂಟರ್’ ಬಿಟ್ಟು ಉಳಿದದ್ದನ್ನು ಕಟ್ಟಿ ಮುಗಿಸುತ್ತದೆ. ಕಟ್ಟಲಾಗದ ಮಾಡ್ಯೂಲ್‌ಗಳ ಪಟ್ಟಿಯನ್ನು ‘ಮೇಕ್’ನ ಕೊನೆಯಲ್ಲಿ ತೋರಿಸಿಯೇ ಇರುತ್ತದೆ, ನೂರಾರು ಸಾಲುಗಳ ನಡುವೆ ಅದನ್ನು ಯಾರೂ ಓದುವುದಿಲ್ಲ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಟಿಕೆ-ಡೆವ್ ಲಿಬ್‌ಎಸ್‌ಎಸ್‌ಎಲ್-ಡೆವ್ ಝಡ್‌ಲಿಬ್1ಜಿ-ಡೆವ್ ಲಿಬ್‌ಎಫ್‌ಎಫ್‌ಐ-ಡೆವ್ ಲಿಬ್‌ಎಸ್‌ಕ್ಯೂಲೈಟ್3-ಡೆವ್’ ಎಂದು ಒಮ್ಮೆಗೇ ಹಾಕಿಕೊಂಡರೆ ಟಿಕಿಂಟರ್ ಜೊತೆಗೆ ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್‌ಗಳೂ ಕೈಕೊಡುವುದಿಲ್ಲ. ಕಂಪೈಲ್ ಆದ ಮೇಲೆ ‘ಟಿಕೆ-ಡೆವ್’ ಹಾಕಿದರೆ ಏನೂ ಬದಲಾಗದು, ಆ ಪೈಥಾನ್ ಅನ್ನು ಮತ್ತೆ ಕಟ್ಟಬೇಕು. ಕೊನೆಯ ಹೆಜ್ಜೆ ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಇರಲಿ, ಆಗ ‘ಪೈಥಾನ್3’ ಎಂಬ ಹೆಸರಿನ ಮೇಲೆ ಅದು ಕೂರುವುದಿಲ್ಲ.

ವಿಂಡೋಸ್‌ನಲ್ಲಿ ತೊಂದರೆ ಕಡಿಮೆ. ಪೈಥಾನ್ ಸಂಸ್ಥೆಯ ಇನ್‌ಸ್ಟಾಲರ್‌ನಲ್ಲಿ ‘ಟಿಸಿಎಲ್/ಟಿಕೆ ಅಂಡ್ ಐಡಲ್’ ಎಂಬ ಚೌಕವಿದೆ. ಜಾಗ ಉಳಿಸಲು ಯಾರೋ ಅದರ ಗುರುತು ತೆಗೆದಿದ್ದರೆ ಟಿಕಿಂಟರ್ ಜೊತೆ ಪೈಥಾನ್‌ನ ಸ್ವಂತ ಎಡಿಟರ್ ಐಡಲ್ ಕೂಡ ಇರುವುದಿಲ್ಲ. ಪೈಥಾನ್ ತೆಗೆದುಹಾಕಬೇಕಿಲ್ಲ: ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಪೈಥಾನ್ ಆರಿಸಿ ‘ಮಾಡಿಫೈ’ ಒತ್ತಿ, ಚೌಕಕ್ಕೆ ಗುರುತು ಹಾಕಿ, ಮುಂದುವರಿಸಿ. ಝಿಪ್ ರೂಪದ ‘ಎಂಬೆಡಬಲ್’ ಪೈಥಾನ್ ಪೆನ್‌ಡ್ರೈವಿನಲ್ಲಿ ಹಂಚಲು ಹಗುರ, ಆದರೆ ಅದರೊಳಗೆ ಟಿಕಿಂಟರ್ ಇಲ್ಲ. ಲ್ಯಾಬಿಗೆ ಅದು ಬೇಡ. ‘ಪಿವೈ -0’ ಎಂದು ಕೊಟ್ಟರೆ ಇರುವ ಆವೃತ್ತಿಗಳ ಪಟ್ಟಿ ಬರುತ್ತದೆ, ‘ಪಿವೈ -3.12 -ಎಂ ಟಿಕಿಂಟರ್’ ಎಂದು ಒಂದೊಂದನ್ನೂ ನೋಡಬಹುದು. ವಿಂಡೋಸ್ 7 ಇನ್ನೂ ಓಡುತ್ತಿರುವ ಹಳೆಯ ಕಂಪ್ಯೂಟರ್‌ಗಳಿಗೆ ಪೈಥಾನ್ 3.8 ಕೊನೆಯದು, 3.9 ಮತ್ತು ಮುಂದಿನವು ಅಲ್ಲಿ ಕೂರುವುದಿಲ್ಲ.

ಇನ್ನು ಹಳೆಯ ನೋಟ್ಸ್‌ಗಳ ಮಾತು. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಆದರೂ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ನೋಟ್ಸ್‌ಗಳಲ್ಲಿ ದೊಡ್ಡ ಟಿಯ ಟಿಕಿಂಟರ್ ಇನ್ನೂ ಬದುಕಿದೆ. ಪೈಥಾನ್ 3ರಲ್ಲಿ ಆ ಹೆಸರು ಸಣ್ಣಕ್ಷರಕ್ಕೆ ಬಂತು. ‘ಟಿಕೆಮೆಸೇಜ್‌ಬಾಕ್ಸ್’ ಹೋಗಿ ‘ಟಿಕಿಂಟರ್.ಮೆಸೇಜ್‌ಬಾಕ್ಸ್’ ಆಯಿತು, ‘ಟಿಕೆಫೈಲ್‌ಡಯಲಾಗ್’ ಹೋಗಿ ‘ಟಿಕಿಂಟರ್.ಫೈಲ್‌ಡಯಲಾಗ್’ ಆಯಿತು, ‘ಟಿಟಿಕೆ’ ಈಗ ‘ಟಿಕಿಂಟರ್.ಟಿಟಿಕೆ’. ‘ಫ್ರಮ್ ಟಿಕಿಂಟರ್ ಇಂಪೋರ್ಟ್ *’ ಎಂದು ನಕ್ಷತ್ರ ಹಾಕಿದರೂ ಮೆಸೇಜ್‌ಬಾಕ್ಸ್ ಬರುವುದಿಲ್ಲ, ಅದನ್ನು ಬೇರೆ ಸಾಲಿನಲ್ಲಿ ಇಂಪೋರ್ಟ್ ಮಾಡಬೇಕು. ಐಡಲ್ ಒಳಗೆ ಓಡಿ, ಹೊರಗೆ ಓಡದ ಪ್ರೋಗ್ರಾಂಗಳಿಗೆ ಇದು ಒಂದು ಕಾರಣ. 3.13ಕ್ಕೆ ಹೋದವರಿಗೆ ಇನ್ನೊಂದು: ‘ಟಿಕಿಂಟರ್.ಟಿಕ್ಸ್’ ಎಂಬ ಉಪಮಾಡ್ಯೂಲನ್ನು ಆ ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ. ಅದಕ್ಕೆ ಯಾವ ಪ್ಯಾಕೇಜೂ ಪರಿಹಾರವಲ್ಲ, ಪ್ರೋಗ್ರಾಂನಲ್ಲಿ ‘ಟಿಟಿಕೆ’ಯ ವಿಜೆಟ್‌ಗಳಿಗೆ ಬದಲಾಗಬೇಕು.

ಕೆಲವೊಮ್ಮೆ ತೊಂದರೆ ಟಿಕಿಂಟರ್‌ನದು ಎಂಬುದೇ ಗೊತ್ತಾಗದು. ಶಾಲೆಯ ಮಕ್ಕಳಿಗೆ ಹೇಳಿಕೊಡುವ ಟರ್ಟಲ್ ಚಿತ್ರಗಳು ಟಿಕಿಂಟರ್ ಮೇಲೆಯೇ ನಿಂತಿವೆ. ಟರ್ಟಲ್ ಬರಲಿಲ್ಲವೆಂದು ಪಿಪ್‌ನಿಂದ ಟರ್ಟಲ್ ಹಾಕಲು ಹೋದರೆ ಅದೇ ಹೆಸರಿನ, ಇದಕ್ಕೆ ಸಂಬಂಧವೇ ಇಲ್ಲದ, ಪೈಥಾನ್ 2ರ ಕಾಲದ ಪ್ಯಾಕೇಜ್ ಎದುರಾಗಿ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಬರೆಯಲು ಹೇಳಿದಾಗ ಪ್ರೋಗ್ರಾಂ ಮುಗಿದರೂ ಚಿತ್ರದ ವಿಂಡೋ ಬರದಿದ್ದರೆ ಅಲ್ಲಿಯೂ ಟಿಕೆ ಕೊರತೆ ಇರಬಹುದು. ಎರಡಕ್ಕೂ ಮೇಲೆ ಹೇಳಿದ ಆಪ್ಟ್ ಪ್ಯಾಕೇಜೇ ಪರಿಹಾರ.

ನೆಟ್ ಸರಿಯಾಗಿ ಸಿಗದ ಹಳ್ಳಿ, ತಾಲ್ಲೂಕುಗಳ ಲ್ಯಾಬ್‌ಗಳಿಗೆ ಒಂದು ದಾರಿ. ಅದೇ ಉಬುಂಟು ಬಿಡುಗಡೆ ಇರುವ, ಈ ಪ್ಯಾಕೇಜ್ ಇನ್ನೂ ಹಾಕದ ಒಂದು ಕಂಪ್ಯೂಟರನ್ನು ನೆಟ್‌ಗೆ ಜೋಡಿಸಿ ‘ಸುಡೋ ಆಪ್ಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಪೈಥಾನ್3-ಟಿಕೆ’ ಕೊಡಿ. ಬೇಕಾದ ‘.ಡೆಬ್’ ಫೈಲುಗಳೆಲ್ಲ ‘/ವಿಎಆರ್/ಕ್ಯಾಶ್/ಆಪ್ಟ್/ಆರ್ಕೈವ್ಸ್’ನಲ್ಲಿ ಬಂದು ಕೂರುತ್ತವೆ: ಪೈಥಾನ್3-ಟಿಕೆ, ಅದರ ಜೊತೆಗೆ ಬಿಎಲ್‌ಟಿ ಮತ್ತು ಟಿಸಿಎಲ್, ಟಿಕೆ ಲೈಬ್ರರಿಗಳು. ಪ್ಯಾಕೇಜ್ ಮೊದಲೇ ಇದ್ದ ಕಂಪ್ಯೂಟರಿನಲ್ಲಿ ಮಾಡಿದರೆ ಕೊರತೆ ಇರುವವು ಮಾತ್ರ ಇಳಿದು ಪಟ್ಟಿ ಅರ್ಧವಾಗುತ್ತದೆ, ಅದಕ್ಕೇ ಈ ಷರತ್ತು. ಆ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲಿಸಿ, ಉಳಿದ ಕಂಪ್ಯೂಟರ್‌ಗಳಲ್ಲಿ ಆ ಫೋಲ್ಡರ್ ತೆರೆದು ‘ಸುಡೋ ಡಿಪಿಕೆಜಿ -ಐ *.ಡೆಬ್’ ಕೊಡಿ. ಒಂದೊಂದಾಗಿ ಹಾಕಬೇಡಿ, ಒಂದು ಇನ್ನೊಂದನ್ನು ಕೇಳುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಬಂದ ಮೇಲೆ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿ. 22.04ರ ಫೈಲುಗಳನ್ನು 24.04ಕ್ಕೆ ಹಾಕಲು ಮಾತ್ರ ಹೋಗಬೇಡಿ.

ಕನ್ನಡದಲ್ಲಿ ಪ್ರೋಗ್ರಾಂ ಬರೆಯುವ ಆಸೆಯಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಟಿಕಿಂಟರ್ ಸರಿಹೋದ ಮೇಲೆ ಬಟನ್ ಮೇಲೆ ‘ಗದಗ’ ಎಂದು ಬರೆದು ನೋಡಿದರೆ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ‘ಹುಬ್ಬಳ್ಳಿ’ ಎಂದು ಬರೆಯಿರಿ, ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದು ಫಾಂಟ್ ತಪ್ಪೂ ಅಲ್ಲ, ಇನ್‌ಸ್ಟಾಲ್ ತಪ್ಪೂ ಅಲ್ಲ. ಲಿನಕ್ಸ್‌ನ ಟಿಕೆ 8.6 ಭಾರತೀಯ ಲಿಪಿಗಳ ಅಕ್ಷರಗಳನ್ನು ಕೂಡಿಸಿ ಜೋಡಿಸುವ ಕೆಲಸ ಮಾಡುವುದಿಲ್ಲ, ಬಂದ ಸಂಕೇತಗಳನ್ನು ಸಾಲಾಗಿ ಇಡುತ್ತದೆ. ವಿಂಡೋ ತೋರಿಸುವ ಇನ್ನೊಂದು ಲೈಬ್ರರಿಯಾದ ಪೈಕ್ಯೂಟಿಯಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಪಿಪ್‌ನಿಂದ ಎನ್ವಿರಾನ್‌ಮೆಂಟ್ ಒಳಗೆ ಹಾಕಬಹುದು. ಪೈಥಾನ್ ಆವೃತ್ತಿ ಬದಲಾದರೆ ಹೊಸ ಎನ್ವಿರಾನ್‌ಮೆಂಟಿಗೆ ಮತ್ತೆ ಹಾಕಬೇಕು, ಅಷ್ಟೆ. ಪೈಕ್ಯೂಟಿ6 ‘ಎಕ್ಸ್‌ಸಿಬಿ’ ಎಂದು ದೂರಿದರೆ ‘ಲಿಬ್‌ಎಕ್ಸ್‌ಸಿಬಿ-ಕರ್ಸರ್0’ ಎಂಬ ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿ. ಕನ್ನಡ ತೋರಿಸುವ ಪ್ರಾಜೆಕ್ಟ್ ಇದ್ದವರು ಮೊದಲ ವಾರದಲ್ಲೇ ಈ ಆಯ್ಕೆ ಮಾಡಿಕೊಳ್ಳಬೇಕು. ಪ್ರೋಗ್ರಾಂ ಎಲ್ಲ ಬರೆದ ಮೇಲೆ ಟಿಕಿಂಟರ್‌ನಿಂದ ಪೈಕ್ಯೂಟಿಗೆ ಹೋಗುವುದೆಂದರೆ ಮೊದಲಿನಿಂದ ಬರೆದಂತೆ.

ಕಾಲೇಜುಗಳ ಮುಖ್ಯಸ್ಥರಲ್ಲಿ, ಲ್ಯಾಬ್ ಗುತ್ತಿಗೆ ಪಡೆಯುವವರಲ್ಲಿ ನಮ್ಮ ಕೋರಿಕೆ ಇಷ್ಟು. ಕಂಪ್ಯೂಟರ್‌ಗಳ ಪೈಥಾನ್ ಅಥವಾ ಉಬುಂಟು ಬದಲಿಸಿದ ಕೆಲಸಕ್ಕೆ ಸಹಿ ಹಾಕುವ ಮುನ್ನ ಪ್ರತಿಯೊಂದರಲ್ಲೂ ‘ಪೈಥಾನ್3 -ಎಂ ಟಿಕಿಂಟರ್’ (ಹೊರಗಿನ ಆವೃತ್ತಿ ಹಾಕಿದ್ದರೆ ಅದರ ಪೂರ್ತಿ ಹೆಸರಿನಿಂದ) ಓಡಿಸಿ, ವಿಂಡೋ ತೆರೆಯುವುದನ್ನು ಕಣ್ಣಾರೆ ನೋಡಿ. ಒಂದಕ್ಕೆ ಅರ್ಧ ನಿಮಿಷ ಸಾಕು. ಲ್ಯಾಬ್ ಮ್ಯಾನ್ಯುಯಲಿನ ಮೊದಲ ಪುಟದಲ್ಲಿ ಉಬುಂಟು ಯಾವುದು, ಪೈಥಾನ್ ಯಾವುದು, ಟಿಕೆ ಪ್ಯಾಕೇಜಿನ ಪೂರ್ತಿ ಹೆಸರೇನು ಎಂಬ ಮೂರು ಸಾಲು ಅಚ್ಚಾಗಲಿ, ಗೋಡೆಯ ಮೇಲೂ ಅಂಟಲಿ. ಪರೀಕ್ಷೆಯ ಹಿಂದಿನ ದಿನ ಈ ತಪಾಸಣೆ ಮತ್ತೊಮ್ಮೆ ಆಗಲಿ. ಪರೀಕ್ಷೆಯ ದಿನ ವಿಂಡೋ ತೆರೆಯದೆ ‘ನೋ ಮಾಡ್ಯೂಲ್’ ಬಂದರೆ ಪರೀಕ್ಷಕರು ಅಂಕ ಕಡಿಯುವ ಮುನ್ನ ಆ ಕೊನೆಯ ಸಾಲನ್ನು ಓದಲಿ, ವಿದ್ಯಾರ್ಥಿಯನ್ನು ಬೇರೆ ಕಂಪ್ಯೂಟರಿನಲ್ಲಿ ಕೂರಿಸಿ ಅದೇ ಪ್ರೋಗ್ರಾಂ ಓಡಿಸಲು ಬಿಡಲಿ.

ಇಂತಿ,
ಕಾಲೇಜು ಲ್ಯಾಬ್‌ಗಳಲ್ಲಿ ಪೈಥಾನ್ ಕಲಿಸುವವರು ಮತ್ತು ಲ್ಯಾಬ್ ನೋಡಿಕೊಳ್ಳುವವರು
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ